ವಿದ್ಯುತ್ ಚಿತಾಗಾರದಲ್ಲಿ ಕೊಟ್ಟ ಅಸ್ಥಿ ನಮ್ಮ ತಂದೆಯದೇ? ಒಳಗೆ ನಿಜಕ್ಕೂ ಏನಾಗುತ್ತದೆ?

ಪ್ರಶ್ನೆ: ಕಳೆದ ತಿಂಗಳು ಬೆಂಗಳೂರಿನಲ್ಲಿ ನಮ್ಮ ತಂದೆ ತೀರಿಕೊಂಡರು. ವಿದ್ಯುತ್ ಚಿತಾಗಾರದಲ್ಲಿ ದಹನ ಮಾಡಿಸಿದೆವು. ಒಂದೂಕಾಲು ಗಂಟೆಯಲ್ಲಿ ಎಲ್ಲ ಮುಗಿಯಿತು, ಮಡಕೆಯಲ್ಲಿ ಅಸ್ಥಿ ಕೊಟ್ಟರು. ಊರಿಂದ ಬಂದಿದ್ದ ದೊಡ್ಡಪ್ಪನವರಿಗೆ ಸಮಾಧಾನವೇ ಇಲ್ಲ. ‘ಸೌದೆ ಜೋಡಿಸಿ ಕೊಳ್ಳಿ ಇಡದಿದ್ದರೆ ಅದೆಂಥ ಸಂಸ್ಕಾರ? ಅಷ್ಟು ಬೇಗ ದೇಹ ಸುಟ್ಟುಹೋಗುತ್ತದೆಯೇ? ಕೊಟ್ಟಿದ್ದು ನಿನ್ನ ಅಪ್ಪನ ಅಸ್ಥಿಯೇ ಅಂತ ಏನು ಖಾತ್ರಿ?’ ಎನ್ನುತ್ತಾರೆ. ಈಗ ನನಗೂ ನಿದ್ದೆ ಇಲ್ಲ. ಡಿಎನ್‌ಎ ಪರೀಕ್ಷೆ ಮಾಡಿಸಬಹುದೇ? ಸುಡುವ ಪದ್ಧತಿ ಎಷ್ಟು ಹಳೆಯದು? ಅಸ್ಥಿ ಬಿಟ್ಟು ಉಳಿದ ಸ್ವಲ್ಪ ಬೂದಿಯನ್ನು ಅವರೇ ನೆಟ್ಟ ಮಾವಿನ ಮರದ ಬುಡಕ್ಕೆ ಹಾಕಬೇಕೆಂದಿದ್ದೇವೆ, ಹಾಕಬಹುದೇ?

ಉತ್ತರ: ನಿಮ್ಮ ನಿದ್ದೆ ಕೆಡಿಸಿರುವ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಡಿಎನ್‌ಎ ಪರೀಕ್ಷೆಗೆ ದುಡ್ಡು ಹಾಕಬೇಡಿ. ಪೂರ್ತಿ ಸುಟ್ಟು ಬೆಳ್ಳಗಾದ ಮೂಳೆಯಲ್ಲಿ ಡಿಎನ್‌ಎ ಉಳಿದಿರುವುದಿಲ್ಲ. ಅದು ಇರುವುದು ಮೂಳೆಯೊಳಗಿನ ಜೀವಕೋಶಗಳಲ್ಲಿ. ಕುಲುಮೆಯ ಶಾಖಕ್ಕೆ ಮೊದಲು ಕರಗಿಹೋಗುವುದೇ ಆ ಭಾಗ. ನಾನು ಫೊರೆನ್ಸಿಕ್ ಮೆಡಿಸಿನ್ ಕಲಿಸುವವನು. ಸುಟ್ಟ ಮೂಳೆಗಳನ್ನು ಪರೀಕ್ಷಿಸುವುದು ನನ್ನ ಕೆಲಸದ ಭಾಗ. ಹಾಗಾಗಿ ಇದನ್ನು ಖಚಿತವಾಗಿ ಹೇಳಬಲ್ಲೆ: ಬಿಳಿ ಚೂರುಗಳನ್ನು ನೋಡಿ ಇದು ಮನುಷ್ಯರ ಮೂಳೆ, ವಯಸ್ಕರದು ಎಂದು ಹೇಳಬಹುದು, ಕೆಲವೊಮ್ಮೆ ಗಂಡೋ ಹೆಣ್ಣೋ ಎಂದು ಊಹಿಸಬಹುದು. ಇಂಥವರದೇ ಎಂದು ಯಾವ ಪ್ರಯೋಗಾಲಯವೂ ಹೇಳಲಾರದು. ಹೇಳುತ್ತೇವೆ ಎನ್ನುವವರನ್ನು ನಂಬಬೇಡಿ.

ಹಾಗಾದರೆ ಖಾತ್ರಿ ಎಲ್ಲಿಂದ ಬರಬೇಕು? ಕುಲುಮೆಯ ಕೆಲಸದ ಕ್ರಮದಿಂದ. ವಿದ್ಯುತ್ ಕುಲುಮೆಯೊಳಗೆ ಒಂದು ಸಲಕ್ಕೆ ಒಂದೇ ದೇಹ ಹೋಗುತ್ತದೆ. ಸುಟ್ಟಾದ ಮೇಲೆ ಉದ್ದ ಹಿಡಿಯ ಕಬ್ಬಿಣದ ಕೋಲಿನಿಂದ ಉಳಿದದ್ದನ್ನೆಲ್ಲ ಕೆಳಗಿನ ತಟ್ಟೆಗೆ ಎಳೆದು ತೆಗೆಯುತ್ತಾರೆ. ಆಮೇಲೆಯೇ ಇನ್ನೊಬ್ಬರ ಸರದಿ. ಇಟ್ಟಿಗೆಯ ಸಂದಿಗಳಲ್ಲಿ ಒಂದು ಚಿಟಿಕೆಯಷ್ಟು ಹಳೆಯ ಬೂದಿ ಉಳಿದು ಬೆರೆಯುವುದನ್ನು ಯಾವ ದೇಶದ ಯಾವ ಚಿತಾಗಾರವೂ ಪೂರ್ತಿ ತಪ್ಪಿಸಲಾರದು. ಸೌದೆಯ ಚಿತೆ ಉರಿಯುವ ಕಟ್ಟೆಯ ಮೇಲೂ ಹಿಂದಿನವರ ಬೂದಿ ಇದ್ದೇ ಇರುತ್ತದೆ. ಕ್ರಮ ತಪ್ಪದೆ ಎಳೆದು ತೆಗೆದಿದ್ದರೆ ನಿಮ್ಮ ಮಡಕೆಯಲ್ಲಿದ್ದದ್ದು ನಿಮ್ಮ ತಂದೆಯವರದೇ. ಹಲವು ದೇಶಗಳಲ್ಲಿ ದೇಹದ ಜೊತೆಗೇ ನಂಬರು ಕೊರೆದ ಲೋಹದ ಬಿಲ್ಲೆಯೊಂದನ್ನು ಒಳಗೆ ಕಳಿಸುತ್ತಾರೆ, ಅದು ಸುಡದೆ ಬೂದಿಯ ಜೊತೆ ಹೊರಬರುತ್ತದೆ. ನಮ್ಮಲ್ಲೂ ಇದನ್ನು ಕಡ್ಡಾಯ ಮಾಡಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ. ಕೆಲವೇ ರೂಪಾಯಿಯ ಬಿಲ್ಲೆಯೊಂದು ಎಷ್ಟೋ ಮನೆಗಳ ಕೊರಗು ತಪ್ಪಿಸುತ್ತದೆ. ಅಲ್ಲಿಯವರೆಗೆ, ಅಸ್ಥಿ ಎಳೆಯುವಾಗ ಮನೆಯವರೊಬ್ಬರು ಎದುರಿಗಿರುತ್ತೇವೆ ಎಂದು ಕೇಳಿಕೊಳ್ಳಬಹುದು.

ಈಗ ಒಳಗೆ ನಡೆಯುವುದನ್ನು ಹೇಳುತ್ತೇನೆ. ಕುಲುಮೆಯ ಗೋಡೆ ಶಾಖ ತಡೆಯುವ ಇಟ್ಟಿಗೆಯದು. ಬದಿಗಳಲ್ಲಿ ವಿದ್ಯುತ್ ಕಾಯಿಲ್‌ಗಳಿರುತ್ತವೆ. ದೇಹ ಒಳಗೆ ಹೋಗುವ ಹೊತ್ತಿಗೇ ಇಟ್ಟಿಗೆ ಕಾದು ಕೆಂಪಾಗಿರುತ್ತದೆ. ತಣ್ಣಗಿರುವ ಕುಲುಮೆಯನ್ನು ಆ ಮಟ್ಟಕ್ಕೆ ತರಲು ಗಂಟೆಗಟ್ಟಲೆ ಬೇಕು, ಬಹಳಷ್ಟು ವಿದ್ಯುತ್ತೂ ಬೇಕು. ಆದ್ದರಿಂದ ದಿನಕ್ಕೆ ಒಂದೇ ಶವ ಬರುವ ಸಣ್ಣ ಊರಿನಲ್ಲಿ ವಿದ್ಯುತ್ ಚಿತಾಗಾರ ಅಷ್ಟು ಲಾಭದ್ದಲ್ಲ. ದೊಡ್ಡ ಊರಿಗೆ ಅದು ಹೇಳಿಮಾಡಿಸಿದಂಥದ್ದು.

ಮೊದಲ ಹಂತದಲ್ಲಿ ನಡೆಯುವುದು ಸುಡುವುದಲ್ಲ, ಒಣಗುವುದು. ನಮ್ಮ ದೇಹದ ಹೆಚ್ಚುಕಡಿಮೆ ನೂರಕ್ಕೆ 60 ಪಾಲು ನೀರು. 70 ಕಿಲೋ ತೂಕದವರಲ್ಲಿ ಸುಮಾರು 40 ಲೀಟರ್. ಅದೆಲ್ಲ ಆವಿಯಾಗಿ ಹೋಗುವವರೆಗೆ ಮಾಂಸಖಂಡಕ್ಕೆ ಸರಿಯಾಗಿ ಬೆಂಕಿ ಹತ್ತುವುದಿಲ್ಲ. ಆಮೇಲೆ ಚರ್ಮದಡಿಯ ಕೊಬ್ಬು ಕರಗಿ ಉರಿಯತೊಡಗುತ್ತದೆ. ಇಲ್ಲಿಂದ ಮುಂದೆ ಕಾಯಿಲ್‌ಗಳಿಗೆ ಕೆಲಸ ಕಡಿಮೆ, ದೇಹವೇ ಇಂಧನವಾಗುತ್ತದೆ. ಸೊರಗಿದ ದೇಹಕ್ಕೆ ಹೆಚ್ಚು ಶಾಖ ಬೇಕಾಗುವುದೂ, ದಪ್ಪಗಿದ್ದವರ ದಹನ ಜೋರಾಗಿ ನಡೆಯುವುದೂ ಇದೇ ಕಾರಣಕ್ಕೆ. ಕೊನೆಯ ಹಂತ ಮೂಳೆಯದು. ಮೂಳೆಯ ಸುಮಾರು ಮೂರನೇ ಎರಡು ಭಾಗ ಕ್ಯಾಲ್ಸಿಯಂ ಫಾಸ್ಫೇಟಿನ ಖನಿಜ, ಉಳಿದದ್ದರಲ್ಲಿ ಹೆಚ್ಚಿನದು ಕೊಲಾಜೆನ್ ಎಂಬ ಪ್ರೋಟೀನಿನ ನಾರು. ನಾರು ಸುಡುತ್ತಿದ್ದಂತೆ ಮೂಳೆ ಮೊದಲು ಕಪ್ಪಾಗುತ್ತದೆ, ಆಮೇಲೆ ಬೂದುಬಣ್ಣಕ್ಕೆ ತಿರುಗುತ್ತದೆ. 700–800 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಸುಣ್ಣದಂತೆ ಬೆಳ್ಳಗಾಗಿ, ಕುಗ್ಗಿ, ಬಿರುಕು ಬಿಡುತ್ತದೆ. ಖನಿಜ ಸುಡುವುದೇ ಇಲ್ಲ. ಅದೇ ಅಸ್ಥಿ.

ಹೀಗೆ ಉಳಿಯುವುದು ವಯಸ್ಕರಲ್ಲಿ ಸುಮಾರು ಎರಡರಿಂದ ಮೂರು ಕಿಲೋ. ಅದು ಬದುಕಿದ್ದಾಗಿನ ತೂಕಕ್ಕಿಂತ ಹೆಚ್ಚಾಗಿ ಎತ್ತರ ಮತ್ತು ಮೂಳೆಯ ಗಟ್ಟಿತನದ ಮೇಲೆ ನಿಂತಿದೆ. ಪಾಶ್ಚಾತ್ಯ ದೇಶಗಳಲ್ಲಿ ಈ ಚೂರುಗಳನ್ನು ಯಂತ್ರಕ್ಕೆ ಹಾಕಿ ಮರಳಿನಂತೆ ಪುಡಿ ಮಾಡಿ ಕೊಡುತ್ತಾರೆ. ಅವರು ‘ಬೂದಿ’ ಎನ್ನುವುದು ಆ ಪುಡಿಯನ್ನೇ. ನಾವು ಪುಡಿ ಮಾಡುವುದಿಲ್ಲ, ಆರಿಸುತ್ತೇವೆ. ಜಪಾನಿನವರೂ ಹಾಗೆಯೇ. ಅಲ್ಲಿ ಮನೆಯವರು ಕಡ್ಡಿಗಳಿಂದ ಕಾಲಿನ ಮೂಳೆಯಿಂದ ಶುರುಮಾಡಿ ತಲೆಯವರೆಗೆ ಒಂದೊಂದಾಗಿ ಎತ್ತಿ ಕುಂಭಕ್ಕೆ ಇಡುತ್ತಾರೆ. ಹೋದವರು ಕುಂಭದೊಳಗೆ ತಲೆಕೆಳಗಾಗಬಾರದು ಎಂಬ ಕಾಳಜಿ. ನಮ್ಮ ಅಸ್ಥಿ ಸಂಚಯನದ ಭಾವವೂ ಇದಕ್ಕೆ ಬಹಳ ಹತ್ತಿರದ್ದು.

‘ಅಷ್ಟು ಬೇಗ ಸುಡುತ್ತದೆಯೇ’ ಎಂಬ ದೊಡ್ಡಪ್ಪನವರ ಅನುಮಾನಕ್ಕೆ ಒಂದು ಲೆಕ್ಕ ಇದೆ. 40 ಲೀಟರ್ ನೀರನ್ನು ಕಾಯಿಸಿ ಪೂರ್ತಿ ಆವಿ ಮಾಡಲು ಬೇಕಾದ ಶಾಖ ಸುಮಾರು 29 ಯುನಿಟ್ ವಿದ್ಯುತ್ತಿಗೆ ಸಮ. ಒಣ ಸೌದೆಯಲ್ಲಿ ಲೆಕ್ಕ ಹಾಕಿದರೆ ಏಳು ಕಿಲೋ ಸಾಕು. ಆದರೆ ಚಿತೆಗೆ ನಾವು ಜೋಡಿಸುವುದು 400–500 ಕಿಲೋ. ಮಿಕ್ಕ ಶಾಖವೆಲ್ಲ ಎಲ್ಲಿ ಹೋಯಿತು? ಆಕಾಶಕ್ಕೆ. ತೆರೆದ ಬಯಲಿನಲ್ಲಿ ಉರಿಯುವ ಚಿತೆಯ ಶಾಖದ ಬಹುಪಾಲು ದೇಹವನ್ನು ಮುಟ್ಟುವುದೇ ಇಲ್ಲ. ಕುಲುಮೆ ಮಾಡುವುದು ಇಷ್ಟೇ: ಶಾಖವನ್ನು ನಾಲ್ಕು ಗೋಡೆಯೊಳಗೆ ಹಿಡಿದಿಟ್ಟು ಎಲ್ಲ ಕಡೆಯಿಂದಲೂ ಸಮನಾಗಿ ಕೊಡುತ್ತದೆ. ಆದ್ದರಿಂದಲೇ ಚಿತೆಗೆ ಐದಾರು ಗಂಟೆ ಹಿಡಿಯುವ ಕೆಲಸ ಅಲ್ಲಿ ಒಂದು, ಒಂದೂವರೆ ಗಂಟೆಯಲ್ಲಿ ಮುಗಿಯುತ್ತದೆ. ಸುಟ್ಟಿದ್ದು ಕಡಿಮೆಯಾಗಿಲ್ಲ. ನಿಜ ಹೇಳಬೇಕೆಂದರೆ ವಿದ್ಯುತ್ ಕುಲುಮೆಯ ಅಸ್ಥಿಯೇ ಹೆಚ್ಚು ಬೆಳ್ಳಗೆ, ಹೆಚ್ಚು ಪೂರ್ತಿಯಾಗಿ ಸುಟ್ಟಿರುತ್ತದೆ. ಮಳೆಗಾಲದಲ್ಲಿ ಹಸಿ ಸೌದೆಯ ಚಿತೆಯಿಂದ ಬಂದ ಮೂಳೆಗಳಲ್ಲಿ ಕಪ್ಪು ಚೂರುಗಳೇ ಜಾಸ್ತಿ. ಅಷ್ಟರಮಟ್ಟಿಗೆ ಅಲ್ಲಿ ಬೆಂಕಿಯ ಕೆಲಸ ಅರ್ಧಕ್ಕೆ ನಿಂತಿರುತ್ತದೆ. ಈ ಲೆಕ್ಕವನ್ನು ಅರಿತೇ ದೆಹಲಿಯ ಮೋಕ್ಷದಾ ಎಂಬ ಸಂಸ್ಥೆ ಸೌದೆಯ ಚಿತೆಯನ್ನೇ ಸುಧಾರಿಸಲು ಹೊರಟಿತು. ಲೋಹದ ಚೌಕಟ್ಟು, ಕೆಳಗಿನಿಂದ ಗಾಳಿಯಾಡಲು ಜಾಗ, ಮೇಲೆ ಶಾಖ ಹಿಡಿದಿಡುವ ಛಾವಣಿ. ಇಷ್ಟು ಮಾಡಿದರೆ 150–200 ಕಿಲೋ ಸೌದೆಗೆ ಕೆಲಸ ಮುಗಿಯುತ್ತದೆ. ಕರಾವಳಿಯ ರುದ್ರಭೂಮಿಗಳಲ್ಲಿ ಕಾಣುವ ಪೆಟ್ಟಿಗೆಯಂಥ ಕಬ್ಬಿಣದ ಚಿತೆಗಳ ಹಿಂದಿರುವ ಯೋಚನೆಯೂ ಇದೇ. ಮನೆಯ ಮಾವಿನ ಮರ ಕಡಿದು ಸುಡುವ ರೂಢಿ ಇರುವ ಕಡೆಗಳಲ್ಲಿ ಇದು ಸಣ್ಣ ಉಳಿತಾಯವಲ್ಲ.

ಸ್ಮಶಾನದ ಬಗ್ಗೆ ಹಬ್ಬಿರುವ ಭಯಗಳಲ್ಲಿ ಒಂದು ‘ಹೆಣ ಎದ್ದು ಕೂರುತ್ತದೆ’ ಎಂಬುದು. ಶಾಖಕ್ಕೆ ಸ್ನಾಯುಗಳು ನೀರು ಕಳೆದುಕೊಂಡು ಸೆಟೆದುಕೊಳ್ಳುತ್ತವೆ. ಕೈಕಾಲು ಮಡಚುವ ಸ್ನಾಯುಗಳು ಚಾಚುವ ಸ್ನಾಯುಗಳಿಗಿಂತ ಬಲವಾದವು. ಹಾಗಾಗಿ ಮೊಣಕೈ, ಮೊಣಕಾಲು ಮಡಚಿ, ಮುಷ್ಟಿ ಬಿಗಿದು, ಜಟ್ಟಿಯೊಬ್ಬ ಅಖಾಡಕ್ಕೆ ಇಳಿದ ಭಂಗಿ ಬರುತ್ತದೆ. ಬೆಂಕಿ ಅನಾಹುತದಲ್ಲಿ ಸತ್ತವರ ದೇಹಗಳಲ್ಲೂ ಇದೇ ಭಂಗಿ ಇರುತ್ತದೆ. ಅದನ್ನು ನೋಡಿ ‘ಕೊನೆಯ ಗಳಿಗೆಯಲ್ಲಿ ಯಾರ ಜೊತೆಗೋ ಹೊಡೆದಾಡಿದ್ದಾರೆ’ ಎಂದು ತಪ್ಪು ತಿಳಿಯಬಾರದು ಎಂಬುದು ನಾವು ವಿದ್ಯಾರ್ಥಿಗಳಿಗೆ ಕಲಿಸುವ ಮೊದಲ ಪಾಠಗಳಲ್ಲೊಂದು. ಅಲ್ಲಿ ನೋವೂ ಇಲ್ಲ, ಜೀವವೂ ಇಲ್ಲ. ಚಿತೆಯಲ್ಲಿ ಎದೆಯ ಮೇಲೆ ದಪ್ಪ ಕೊರಡು ಇಡುವುದು ಈ ಅಲುಗಾಟಕ್ಕೆ ಸೌದೆ ಜಾರದಿರಲಿ ಎಂದು.

ಒಂದು ಎಚ್ಚರಿಕೆಯನ್ನು ಓದುಗರೆಲ್ಲರೂ ನೆನಪಿಟ್ಟುಕೊಳ್ಳಬೇಕು. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರಾದರೆ ದಹನಕ್ಕೆ ಮುಂಚೆ ಅದನ್ನು ತೆಗೆಸಲೇಬೇಕು. ಅದರೊಳಗಿನ ಬ್ಯಾಟರಿ ಶಾಖಕ್ಕೆ ಸಿಡಿಯುತ್ತದೆ. ಬ್ರಿಟನ್ನಿನಲ್ಲಿ 1976ರಲ್ಲೇ ಇಂಥ ಸ್ಫೋಟ ವರದಿಯಾಗಿತ್ತು. ಕುಲುಮೆಯ ಇಟ್ಟಿಗೆ ಒಡೆಯುವುದಿರಲಿ, ಬಾಗಿಲ ಬಳಿ ನಿಂತ ಕೆಲಸಗಾರನಿಗೆ ಅಪಾಯ. ಆಸ್ಪತ್ರೆಯಲ್ಲಿ ಕೇಳಿದರೆ ಸಣ್ಣ ಕೊಯ್ತದಲ್ಲಿ ತೆಗೆದುಕೊಡುತ್ತಾರೆ. ಮನೆಯಲ್ಲೇ ತೀರಿಕೊಂಡರೆ ಚಿತಾಗಾರದವರಿಗೆ ಮೊದಲೇ ತಿಳಿಸಿ. ಮಂಡಿ, ಸೊಂಟಕ್ಕೆ ಹಾಕಿದ ಲೋಹದ ಕೀಲುಗಳಿಂದ ಅಪಾಯವಿಲ್ಲ. ಅವು ಕರಗದೆ ಉಳಿಯುತ್ತವೆ, ಅಸ್ಥಿ ಆರಿಸುವಾಗ ಕಂಡರೆ ಗಾಬರಿಯಾಗಬೇಡಿ. ಪ್ರೀತಿಯ ವಸ್ತು ಎಂದು ಮೊಬೈಲು, ಗಾಜಿನ ಸೀಸೆ, ಪ್ಲಾಸ್ಟಿಕ್ ಸಾಮಾನು ಒಳಗೆ ಕಳಿಸಬೇಡಿ.

ಇನ್ನು ಇತಿಹಾಸ. ಆಸ್ಟ್ರೇಲಿಯಾದ ಒಣಗಿದ ಮುಂಗೋ ಸರೋವರದ ದಂಡೆಯಲ್ಲಿ 1968ರಲ್ಲಿ ಜಿಮ್ ಬೌಲರ್ ಎಂಬ ಭೂವಿಜ್ಞಾನಿಗೆ ಸುಟ್ಟ ಮೂಳೆಗಳು ಕಂಡವು. ಸುಮಾರು 40,000 ವರ್ಷಗಳ ಹಿಂದಿನ ಹೆಂಗಸೊಬ್ಬಳ ಮೂಳೆಗಳು. ಆಕೆಯನ್ನು ಸುಟ್ಟು, ಉಳಿದ ಮೂಳೆಗಳನ್ನು ಜಜ್ಜಿ, ಮತ್ತೆ ಸುಟ್ಟು, ಹೂತಿದ್ದರು. ನಮಗೆ ಗೊತ್ತಿರುವ ಶವದಹನಗಳಲ್ಲಿ ಅತ್ಯಂತ ಹಳೆಯವುಗಳ ಸಾಲಿನಲ್ಲಿ ಅದು ನಿಲ್ಲುತ್ತದೆ. 1992ರಲ್ಲಿ ಆ ಅವಶೇಷಗಳನ್ನು ಅಲ್ಲಿನ ಮೂಲನಿವಾಸಿಗಳಿಗೆ ಹಿಂದಿರುಗಿಸಲಾಯಿತು. ಇಂಗ್ಲೆಂಡಿನ ಸ್ಟೋನ್‌ಹೆಂಜ್ ಎಂಬ ಪುರಾತನ ಕಲ್ಲುಕಂಬಗಳ ವೃತ್ತದಲ್ಲೂ ಸುಮಾರು 5,000 ವರ್ಷ ಹಿಂದಿನ ಸುಟ್ಟ ಮೂಳೆಗಳಿವೆ. ಮೂಳೆ ಪೂರ್ತಿ ಸುಟ್ಟರೆ ಡಿಎನ್‌ಎ ಹೋಗುತ್ತದೆ ಎಂದೆನಲ್ಲ, ಆದರೆ ಖನಿಜದೊಳಗೆ ಸೇರಿದ ಸ್ಟ್ರಾನ್ಷಿಯಂ ಎಂಬ ಧಾತು ಹೋಗುವುದಿಲ್ಲ. ಅದನ್ನು ಅಳೆದು, ಅಲ್ಲಿ ಹೂತವರಲ್ಲಿ ಕೆಲವರು ತಮ್ಮ ಕೊನೆಯ ವರ್ಷಗಳನ್ನು ದೂರದ ಪಶ್ಚಿಮದಲ್ಲಿ, ಬಹುಶಃ ವೇಲ್ಸ್ ಕಡೆ, ಕಳೆದಿದ್ದರು ಎಂದು 2018ರಲ್ಲಿ ತೋರಿಸಿದರು. ಅಸ್ಥಿ ಹೆಸರು ಹೇಳುವುದಿಲ್ಲ, ತಿಂದುಂಡ ನೆಲದ ಗುರುತನ್ನು ಮಾತ್ರ ಇಟ್ಟುಕೊಂಡಿರುತ್ತದೆ.

ನಮ್ಮ ಬಳ್ಳಾರಿ ಸೀಮೆಯ ಬೂದಿದಿಬ್ಬಗಳ ಮಾತು ಇಲ್ಲಿ ಬರಲೇಬೇಕು. ಹಂಪಿ ಹತ್ತಿರದ ನಿಂಬಾಪುರದ ದಿಬ್ಬವನ್ನು ವಾಲಿಯನ್ನು ಸುಟ್ಟ ಜಾಗ ಎಂದು ಜನ ಇಂದಿಗೂ ತೋರಿಸುತ್ತಾರೆ. ಅಷ್ಟೊಂದು ಬೂದಿ ಕಂಡವರಿಗೆ ದೈತ್ಯ ಚಿತೆಯ ನೆನಪಾಗುವುದು ಸಹಜವೇ. ಆದರೆ ಅಗೆದು ನೋಡಿದವರಿಗೆ ಸಿಕ್ಕಿದ್ದು ಸುಟ್ಟ ಸಗಣಿ. ನವಶಿಲಾಯುಗದ ದನಗಾಹಿಗಳ ದೊಡ್ಡಿಗಳಲ್ಲಿ ವರ್ಷಾನುವರ್ಷ ಗುಡ್ಡೆ ಬಿದ್ದು, ಮತ್ತೆ ಮತ್ತೆ ಬೆಂಕಿ ಕಂಡ ಸಗಣಿ. ಆ ಕಾಲದ ನಮ್ಮ ಸೀಮೆಯ ಜನ ಸತ್ತವರನ್ನು ಹೆಚ್ಚಾಗಿ ಹೂಳುತ್ತಿದ್ದರು, ಎಳೆಯ ಮಕ್ಕಳನ್ನು ಮಡಕೆಯೊಳಗಿಟ್ಟು ಮಣ್ಣಿಗೆ ಕೊಡುತ್ತಿದ್ದರು. ಕರ್ನಾಟಕದಲ್ಲಿ ಹೂಳುವುದು ಎಂದೂ ನಿಂತಿಲ್ಲ. ಲಿಂಗಾಯತರಲ್ಲಿ ಇಂದಿಗೂ ಸಮಾಧಿಯೇ, ಸುಡುವ ಮನೆತನಗಳಲ್ಲೂ ಸನ್ಯಾಸಿಗಳಿಗೆ, ಹಸುಗೂಸುಗಳಿಗೆ ಮಣ್ಣೇ.

ದೊಡ್ಡಪ್ಪನವರಿಗೆ ಋಗ್ವೇದದ ಮಾತು ಹಿಡಿಸಬಹುದು. ಹತ್ತನೇ ಮಂಡಲದ 16ನೇ ಸೂಕ್ತ ಚಿತೆಯ ಮುಂದೆ ನಿಂತು ಅಗ್ನಿಯನ್ನು ಬೇಡಿಕೊಳ್ಳುತ್ತದೆ: ಇವನನ್ನು ಚದುರಿಸಬೇಡ, ಹದವಾಗಿ ಬೇಯಿಸಿ ಪಿತೃಗಳ ಬಳಿಗೆ ಕಳಿಸು, ಕಣ್ಣು ಸೂರ್ಯನಿಗೆ ಹೋಗಲಿ, ಉಸಿರು ಗಾಳಿಗೆ ಹೋಗಲಿ. ಎರಡು ಸೂಕ್ತ ದಾಟಿದರೆ 18ನೆಯದರಲ್ಲಿ ಭೂಮಿತಾಯಿಯ ಮಡಿಲಿಗೆ ಹೋಗು ಎಂದು ಹೂಳುವ ಮಾತಿದೆ. 15ನೆಯದು ‘ಅಗ್ನಿಯಲ್ಲಿ ಸುಟ್ಟವರು, ಸುಡದವರು’ ಇಬ್ಬರನ್ನೂ ಪಿತೃಗಳೆಂದೇ ಕರೆಯುತ್ತದೆ. ಅಂದರೆ ಆ ಕಾಲಕ್ಕೇ ಎರಡು ದಾರಿಗಳಿದ್ದವು, ಎರಡಕ್ಕೂ ಗೌರವವಿತ್ತು.

ಯುರೋಪಿನ ಕಥೆ ಬೇರೆ. ರೋಮನ್ನರು ಬಹುಕಾಲ ಸುಡುತ್ತಿದ್ದರು. ಊರೊಳಗೆ ಸುಡಬಾರದು, ಹೂಳಲೂಬಾರದು ಎಂದು ಕ್ರಿಸ್ತಪೂರ್ವ 450ರ ಸುಮಾರಿನ ಅವರ ಹನ್ನೆರಡು ಫಲಕಗಳ ಕಾನೂನೇ ಹೇಳುತ್ತಿತ್ತು. ಕ್ರಿಸ್ತಶಕ ಎರಡನೇ ಶತಮಾನದಿಂದ ಅಲ್ಲಿ ಹೂಳುವುದು ಹೆಚ್ಚಿತು. ಕ್ರೈಸ್ತಮತ ಬೇರೂರಿದ ಮೇಲೆ ಸುಡುವುದು ಪಾಪವಾಯಿತು. ಎಂಟನೇ ಶತಮಾನದ ಕೊನೆಯಲ್ಲಿ ಶಾರ್ಲ್‌ಮೇನ್ ದೊರೆ ಸ್ಯಾಕ್ಸನ್ನರಿಗೆ ಹೆಣ ಸುಟ್ಟರೆ ಮರಣದಂಡನೆ ಎಂದೇ ವಿಧಿಸಿದ.

ಸಾವಿರ ವರ್ಷದ ಮೇಲೆ ಅಲ್ಲಿ ಮತ್ತೆ ಚಿತೆ ಉರಿದ ಬಗೆಯಲ್ಲಿ ನಮ್ಮ ನೆರೆಯವರೊಬ್ಬರ ಪಾಲಿದೆ. ಕೊಲ್ಹಾಪುರದ ಯುವ ಮಹಾರಾಜ ರಾಜಾರಾಮ್ ಇಂಗ್ಲೆಂಡಿನಿಂದ ಹಿಂದಿರುಗುತ್ತಾ 1870ರ ನವೆಂಬರ್ 30ರಂದು ಇಟಲಿಯ ಫ್ಲಾರೆನ್ಸ್‌ನಲ್ಲಿ ತೀರಿಕೊಂಡರು. ಜೊತೆಗಿದ್ದವರು ಸುಡಲೇಬೇಕೆಂದರು. ಊರಾಡಳಿತ ವಿಶೇಷ ಅನುಮತಿ ಕೊಟ್ಟಿತು. ಆರ್ನೋ ಮತ್ತು ಮುನ್ಯೋನೆ ನದಿಗಳು ಕೂಡುವ ಕಡೆ ಚಿತೆ ಉರಿಯಿತು, ಅಸ್ಥಿ ಹೊಳೆಗೆ ಬಿತ್ತು. ಸಂಗಮವನ್ನೇ ಹುಡುಕಿಕೊಂಡಿದ್ದನ್ನು ಗಮನಿಸಿ. ಅಲ್ಲಿ ಅವರ ಪ್ರತಿಮೆ ಇಂದಿಗೂ ಇದೆ, ಪಕ್ಕದ ಸೇತುವೆಗೂ ‘ಭಾರತೀಯನ ಸೇತುವೆ’ ಎಂದೇ ಹೆಸರು.

ಮೂರು ವರ್ಷದಲ್ಲಿ, 1873ರ ವಿಯೆನ್ನಾ ಪ್ರದರ್ಶನದಲ್ಲಿ, ಪಾದುವಾದ ಪ್ರಾಧ್ಯಾಪಕ ಬ್ರುನೆಟ್ಟಿ ತಮ್ಮ ಕುಲುಮೆಯ ಮಾದರಿಯನ್ನೂ ಅದರಲ್ಲಿ ಸುಟ್ಟ ಬೂದಿಯನ್ನೂ ಇಟ್ಟರು. ಅದನ್ನು ನೋಡಿದ ವಿಕ್ಟೋರಿಯಾ ರಾಣಿಯ ಶಸ್ತ್ರವೈದ್ಯ ಹೆನ್ರಿ ಥಾಂಪ್ಸನ್ 1874ರಲ್ಲಿ ಇಂಗ್ಲೆಂಡಿನ ದಹನ ಸಂಘ ಕಟ್ಟಿದರು. ತುಂಬಿ ತುಳುಕುತ್ತಿದ್ದ ಹೂಳುಗಾಡುಗಳಿಂದ ಊರಿನ ಆರೋಗ್ಯ ಕೆಡುತ್ತದೆ ಎಂಬುದು ಅವರ ವಾದ. ಮಿಲಾನಿನಲ್ಲಿ 1876ರ ಜನವರಿಯಲ್ಲೇ ಚಿತಾಗಾರ ಶುರುವಾಯಿತು. ಇಂಗ್ಲೆಂಡಿನ ವೋಕಿಂಗ್‌ನಲ್ಲಿ 1879ರಲ್ಲಿ ಕುಲುಮೆ ಕಟ್ಟಿ ಕುದುರೆಯೊಂದರ ಕಳೇಬರ ಸುಟ್ಟು ಪರೀಕ್ಷಿಸಿದರು. ಆದರೆ ಜನರ ವಿರೋಧಕ್ಕೆ, ಸರ್ಕಾರದ ಅಳುಕಿಗೆ, ಅದು ಆರು ವರ್ಷ ತಣ್ಣಗೆ ಬಿದ್ದಿತ್ತು.

ಬಾಗಿಲು ತೆರೆಸಿದ್ದು ವೇಲ್ಸಿನ ಮುದುಕ ವೈದ್ಯ ವಿಲಿಯಂ ಪ್ರೈಸ್. 1884ರ ಜನವರಿಯಲ್ಲಿ ತೀರಿಕೊಂಡ ತನ್ನ ಹಸುಗೂಸನ್ನು ಆತ ಗುಡ್ಡದ ಮೇಲೆ ಸುಡಲು ಹೊರಟ. ಜನ ನುಗ್ಗಿ ಬೆಂಕಿಯಿಂದ ದೇಹ ಎಳೆದರು, ಪೊಲೀಸರು ಹಿಡಿದೊಯ್ದರು. ಕಾರ್ಡಿಫ್ ನ್ಯಾಯಾಲಯದಲ್ಲಿ ನ್ಯಾಯಮೂರ್ತಿ ಸ್ಟೀಫನ್ ಅವರು, ಸುತ್ತಲಿನವರಿಗೆ ಉಪದ್ರವವಾಗದಂತೆ ಹೆಣ ಸುಡುವುದು ಅಪರಾಧವಲ್ಲ ಎಂದರು. ಮರುವರ್ಷ ಮಾರ್ಚ್‌ನಲ್ಲಿ ವೋಕಿಂಗ್‌ನ ಕುಲುಮೆಗೆ ಮೊದಲ ದೇಹ ಹೋಯಿತು. 1893ರಲ್ಲಿ ಪ್ರೈಸ್ ತೀರಿಕೊಂಡಾಗ ಅವರನ್ನು ವೇಲ್ಸಿನ ಅವರದೇ ಊರಿನ ಗುಡ್ಡದ ಮೇಲೆ ಎರಡು ಟನ್ ಕಲ್ಲಿದ್ದಲಿನಲ್ಲಿ ಸುಟ್ಟರು. ಕ್ಯಾಥೊಲಿಕ್ ಚರ್ಚು 1886ರಲ್ಲಿ ಹಾಕಿದ ನಿಷೇಧ ಸಡಿಲವಾಗಿದ್ದು 1963ರಲ್ಲಿ. ಇವತ್ತು ಬ್ರಿಟನ್ನಿನಲ್ಲಿ ಸುಡುವವರೇ ಬಹುಸಂಖ್ಯಾತರು.

ಬ್ರಿಟಿಷರ 1902ರ ದಹನ ಕಾಯ್ದೆಯ ಹಿಂದೆ ಇನ್ನೊಂದು ಆತಂಕವೂ ಇತ್ತು. ನನ್ನ ವೃತ್ತಿಯವರಿಗೆ ಅದು ಇಂದಿಗೂ ಇದೆ: ಹೂತ ಹೆಣವನ್ನು ಅನುಮಾನ ಬಂದಾಗ ಹೊರತೆಗೆದು ಪರೀಕ್ಷಿಸಬಹುದು, ಸುಟ್ಟ ಮೇಲೆ ಸಾಕ್ಷ್ಯವೇ ಇಲ್ಲ. ಸಾವಿನಲ್ಲಿ ಕಿಂಚಿತ್ ಸಂಶಯವಿದ್ದರೂ ಪೊಲೀಸರಿಗೆ ತಿಳಿಸಿ ಮರಣೋತ್ತರ ಪರೀಕ್ಷೆ ಆದಮೇಲೆಯೇ ದಹನ ಮಾಡಬೇಕು. ‘ಕತ್ತಲಾಗುವ ಮುಂಚೆ ಮುಗಿಸಿಬಿಡೋಣ’ ಎಂಬ ಅವಸರದಲ್ಲಿ ಎಷ್ಟೋ ಹೆಣ್ಣುಮಕ್ಕಳ ಸಾವಿನ ನಿಜ ಬೂದಿಯಾಗಿ ಹೋಗಿದೆ.

ನಮ್ಮಲ್ಲಿ ವಿದ್ಯುತ್ ಚಿತಾಗಾರಗಳಿಗೆ ಒತ್ತು ಸಿಕ್ಕಿದ್ದರಲ್ಲಿ ಗಂಗಾ ಕ್ರಿಯಾ ಯೋಜನೆಗೆ ದೊಡ್ಡ ಪಾಲಿದೆ. ಅರೆಬೆಂದ ದೇಹಗಳು ನದಿ ಸೇರುವುದನ್ನು ತಪ್ಪಿಸಲು 1980ರ ದಶಕದಲ್ಲಿ ಗಂಗೆಯ ದಂಡೆಯ ಊರುಗಳಲ್ಲಿ ಅವನ್ನು ಕಟ್ಟಿದರು. ಬೆಂಗಳೂರಿನವರಿಗೆ ಅವುಗಳ ಬೆಲೆ ತಿಳಿದಿದ್ದು ಕೊರೊನಾದ ಎರಡನೇ ಅಲೆ ಎದ್ದ 2021ರ ಏಪ್ರಿಲ್‌–ಮೇ ತಿಂಗಳಲ್ಲಿ. ಸುಮನಹಳ್ಳಿ, ಮೇಡಿ ಅಗ್ರಹಾರಗಳ ಮುಂದೆ ಆಂಬುಲೆನ್ಸ್‌ಗಳು ಸಾಲುಗಟ್ಟಿ ನಿಂತಿದ್ದವು. ಕುಲುಮೆಗಳಿಗೆ ಬಿಡುವಿಲ್ಲದೆ, ಕೊನೆಗೆ ತಾವರೆಕೆರೆ ಬಳಿಯ ಗಿಡ್ಡೇನಹಳ್ಳಿಯಲ್ಲಿ ಬಯಲಿನಲ್ಲೇ ಚಿತೆ ಹಚ್ಚಬೇಕಾಯಿತು. ವಾರಸುದಾರರು ಬಾರದೆ ಉಳಿದ ನೂರಾರು ಮಂದಿಯ ಅಸ್ಥಿಯನ್ನು ಸರ್ಕಾರವೇ ಬೆಳಕವಾಡಿಯ ಬಳಿ ಕಾವೇರಿಯಲ್ಲಿ ಬಿಟ್ಟಿತು. ಸ್ವಂತದವರೇ ಹತ್ತಿರ ಬರಲು ಹೆದರಿದ ದೇಹಗಳನ್ನು ಹಗಲು ರಾತ್ರಿ ಒಳಗೆ ಕಳಿಸಿ, ಅಸ್ಥಿ ತೆಗೆದು, ಮಡಕೆಗೆ ಹೆಸರು ಬರೆದು ಇಟ್ಟವರು ಚಿತಾಗಾರದ ಕೆಲಸಗಾರರು. ಅಂಥವರ ಕೈಯಿಂದ ಬಂದ ಮಡಕೆಯನ್ನು ಅನುಮಾನಿಸುವ ಮುಂಚೆ ಇದನ್ನು ದೊಡ್ಡಪ್ಪನವರಿಗೆ ಹೇಳಿ. ಕೊಳ್ಳಿಯ ವಿಷಯವೂ ಅಷ್ಟೆ: ಕುಲುಮೆಯ ಬಾಗಿಲಲ್ಲಿ ಕರ್ಪೂರ ಹಚ್ಚಿ, ಮಂತ್ರ ಹೇಳಿಸಿ, ಎದೆಯ ಮೇಲೆ ಕೊಳ್ಳಿ ಮುಟ್ಟಿಸಿ ಒಳಗೆ ಕಳಿಸುವ ಕ್ರಮವನ್ನು ಪುರೋಹಿತರೇ ನಡೆಸಿಕೊಡುತ್ತಾರೆ. ನೀವೂ ಅದನ್ನು ಮಾಡಿದ್ದರೆ ಸಂಸ್ಕಾರದಲ್ಲಿ ಬಿಟ್ಟುಹೋದದ್ದೇನೂ ಇಲ್ಲ.

ಕೊನೆಯದಾಗಿ ಮಾವಿನ ಮರ. ಮೂಳೆಯ ಬೂದಿಯನ್ನು ಗೊಬ್ಬರ ಎಂದು ಥಾಂಪ್ಸನ್ ಕೂಡ ತಮ್ಮ ಲೇಖನದಲ್ಲಿ ವಾದಿಸಿದ್ದರು. ಅದರಲ್ಲಿ ರಂಜಕ, ಕ್ಯಾಲ್ಸಿಯಂ ಇರುವುದು ನಿಜ. ಆದರೆ ಸುಟ್ಟ ಖನಿಜ ಬೇಗ ಕರಗಿ ಬೇರಿಗೆ ಸಿಗುವಂಥದ್ದಲ್ಲ. ಬೂದಿ ತೀವ್ರ ಕ್ಷಾರ, ಜೊತೆಗೆ ಒಂದಿಷ್ಟು ಉಪ್ಪು. ಒಂದೇ ಕಡೆ ಬುಡಕ್ಕೆ ಸುರಿದರೆ ಬೇರು ಸುಡುತ್ತದೆ. ಮೊದಲು ಬೂದಿಯನ್ನು ನೀರಿನಲ್ಲಿ ತೊಳೆದು ಆ ನೀರನ್ನು ದೂರ ಚೆಲ್ಲಿ. ಒಂದೆರಡು ಹಿಡಿಯಷ್ಟನ್ನು ಒಂದು ಬುಟ್ಟಿ ಕೊಟ್ಟಿಗೆ ಗೊಬ್ಬರ, ಒಂದು ಬುಟ್ಟಿ ಮಣ್ಣಿನ ಜೊತೆ ಕಲಸಿ, ಕಾಂಡದಿಂದ ಮೂರು ನಾಲ್ಕು ಅಡಿ ದೂರದಲ್ಲಿ ಸುತ್ತಲೂ ತೆಳ್ಳಗೆ ಹರಡಿ. ನಿಮ್ಮದು ಮಲೆನಾಡಿನ ಹುಳಿ ಮಣ್ಣಾದರೆ ಇನ್ನೂ ಒಳ್ಳೆಯದು, ಕ್ಷಾರವನ್ನು ಅದು ತಾಳಿಕೊಳ್ಳುತ್ತದೆ. ಮಳೆಗಾಲ ಶುರುವಾಗುವ ಹೊತ್ತಿಗೆ ಹಾಕಿ.